ನ್ಯಾಮತಿ ಬೋರಿನಲ್ಲಿ ಉಳಿದ ಎಣ್ಣೆ

ಹೊನ್ನಾಳಿಯಲ್ಲಿ ಹೊಳೆ ಕಡೆಯ ಬೀದಿಗೆ ಹೋಗಿ ನೇತ್ರಾವತಿಯ ಮನೆ ಯಾವುದು ಅಂತ ಕೇಳಿ ನೋಡಿ. ಮನೆ ತೋರಿಸುವುದಕ್ಕೆ ಮುಂಚೆ ಒಂದು ಸರ್ಟಿಫಿಕೇಟು ಕೊಡುತ್ತಾರೆ: "ಆಕೆ ಭಾಳ ಗಟ್ಟಿಗಿತ್ತಿ ಬಿಡ್ರಿ." ಗಂಡ ಮಾಲತೇಶ ಲಾರಿ ಗುದ್ದಿ ಹೋದ ಮೇಲೆ, ತಿಥಿ ಮುಗಿಯುತ್ತಲೇ ಬ್ಯಾಗು ಹೆಗಲಿಗೆ ಹಾಕಿಕೊಂಡು ಎಂದಿನ ದಾವಣಗೆರೆ ಬಸ್ಸು ಹತ್ತಿದಳಲ್ಲ, ಅದಕ್ಕೆ ಈ ಬಿರುದು. ಗಟ್ಟಿಯಂತೆ, ಮಣ್ಣಾಂಗಟ್ಟಿ. ಹಲ್ಲು ಕೀಳುವ ಮುಂಚೆ ಡಾಕ್ಟರು ಸೂಜಿ ಚುಚ್ಚಿದರೆ ದವಡೆ ಮರಗಟ್ಟಿ ಹೋಗುತ್ತದೆ. ಆಗ ಯಾರಾದರೂ ಕೆನ್ನೆ ಗಿಲ್ಲಿದರೂ ಸುಮ್ಮನೆ ಕೂತಿರುತ್ತೇವೆ. ಅದನ್ನು ಧೈರ್ಯ ಅನ್ನುವುದಾದರೆ ನೇತ್ರಾವತಿಯೂ ಧೈರ್ಯವಂತೆಯೇ.

ಆಕೆಗೆ ಆಗಿದ್ದದ್ದು ಇಷ್ಟು. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಿರುತ್ತಿರಲಿಲ್ಲ, ಉಂಡರೂ ತಿಳಿಯುತ್ತಿರಲಿಲ್ಲ. ಅತ್ತೆ ಭೀಮಕ್ಕ "ಉಪ್ಪೇ ಇಲ್ಲಲ್ಲೇ ನೇತ್ರಾ" ಅಂದರೆ ಎದ್ದು ಉಪ್ಪಿನ ಡಬ್ಬಿ ತಂದಿಡುತ್ತಿದ್ದಳು, ತನ್ನ ತಟ್ಟೆಗೆ ಹಾಕಿಕೊಳ್ಳುತ್ತಿರಲಿಲ್ಲ. ಬಸ್ಸಿನಲ್ಲಿ ಯಾರೋ ಕಾಲು ತುಳಿದು "ತಪ್ಪಾಯ್ತ್ರಿ ಅಕ್ಕಾ" ಅಂದ ಮೇಲೆಯೇ ಈಕೆ ತನ್ನ ಕಾಲು ನೋಡಿಕೊಳ್ಳುತ್ತಿದ್ದಳು. ಮನೆಯಲ್ಲಿ ಇಬ್ಬರೇ ಹೆಂಗಸರು, ಮಕ್ಕಳಾಗಿರಲಿಲ್ಲ. ಟಿ.ವಿ. ತನ್ನಷ್ಟಕ್ಕೆ ಮಾತಾಡಿಕೊಂಡಿರುತ್ತಿತ್ತು.

ಹುಟ್ಟಿದ್ದು ಜಗಳೂರಿನಲ್ಲಿ. ಅಪ್ಪನಿಗೆ ಒಂದು ಮಂದೆ ಕುರಿ, ಮೆಕ್ಕೆಜೋಳದ ಹೊಲ, ಹೊಲದಲ್ಲಿ ಪಾತಾಳಕ್ಕೆ ಇಳಿದ ಒಂದು ಬೋರು. ನೇತ್ರಾವತಿ ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಮನೆಯಲ್ಲಿ ಕೂತಿದ್ದ ಹೊತ್ತಿಗೆ ಆ ಬೋರಿನ ಮೋಟರು ಒಳಗೇ ಸಿಕ್ಕಿಹಾಕಿಕೊಂಡಿತು. ಸುತ್ತಮುತ್ತಲಿನ ಮೆಕ್ಯಾನಿಕ್ಕುಗಳೆಲ್ಲ ಬಂದು ಎಳೆದು, ಬೆವರು ಒರೆಸಿಕೊಂಡು, "ಇದರ ಆಸೆ ಬಿಡ್ರಿ ಗೌಡ್ರೇ" ಅಂತ ಕೈ ಚೆಲ್ಲಿದರು. ಕೊನೆಗೆ ಯಾರೋ ಹೊನ್ನಾಳಿಯ ಮಾಲತೇಶನನ್ನು ಕರೆಸಿದರು. ಐ.ಟಿ.ಐ. ಓದಿದ ಹುಡುಗ, ಮೈತುಂಬ ಎಣ್ಣೆ ಕಲೆ, ಬಾಯಿತುಂಬ ನಗು. ಒಂದು ರಾತ್ರಿ ಕಳೆದು ಮಾರನೇ ದಿನ ಮೋಟರು ಮೇಲೆ ಬಂತು. ಬೋರಿಂದ ಮೋಟರ್ ಎತ್ತಿದ, ಮನೆಯಿಂದ ಮಗಳನ್ನೂ ಎತ್ತಿಕೊಂಡು ಹೋದ ಅಂತ ಜಗಳೂರಿನವರು ಇವತ್ತಿಗೂ ಆಡಿಕೊಳ್ಳುತ್ತಾರೆ. ಎಂ.ಎಸ್ಸಿ. ಓದಿದವಳನ್ನು ಎಣ್ಣೆ ಕೈಯವನಿಗೆ ಕೊಟ್ಟರಲ್ಲ ಅಂತ ಮೂಗು ಮುರಿದವರೂ ಇದ್ದರು. ಅವರ ಮನೆ ಮೋಟರುಗಳೂ ಸಿಕ್ಕಿಕೊಂಡಾಗ ಬಾಯಿ ಮುಚ್ಚಿಕೊಂಡು ಮಾಲತೇಶನಿಗೇ ಫೋನು ಮಾಡಿದರು.

ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಕಡೆಯ ಊರುಗಳಲ್ಲಿ ಅವನ ಹೆಸರು ಹಾಗಿತ್ತು. ಬೇರೆಯವರು ಪೈಪು ಕತ್ತರಿಸಿ ಮೋಟರನ್ನು ಒಳಗೇ ಬಿಟ್ಟು ಬರುವ ಕಡೆ ಅವನು ಇಡಿಯಾಗಿ ಎತ್ತಿ ಕೊಡುತ್ತಿದ್ದ. ಅವನು ಸತ್ತ ಮೇಲೂ ಭೀಮಕ್ಕ ಸಂತೆಗೆ ಹೋದರೆ ಯಾರಾದರೂ ನಿಲ್ಲಿಸಿ, "ನಿಮ್ಮ ಮಗನ ಕೈಯಿಂದ ನಮ್ಮನೇಲಿ ನೀರು ಬರ್ತಾ ಐತೆ ಕಣಮ್ಮಾ" ಅನ್ನುತ್ತಿದ್ದರು. ಆ ಒಂದು ಮಾತಿಗಾಗಿಯೇ ಮುದುಕಿ ಸಂತೆಗೆ ಹೋಗುತ್ತಿದ್ದಳು. ತರಕಾರಿ ಬರೀ ನೆಪ.

ದಾವಣಗೆರೆಯ ಖಾಸಗಿ ಪ್ರಯೋಗಾಲಯವೊಂದರಲ್ಲಿ ನೇತ್ರಾವತಿಯ ಕೆಲಸ. ನೀರಿನಲ್ಲಿ, ಮಣ್ಣಿನಲ್ಲಿ ಪೆಟ್ರೋಲು, ಡೀಸೆಲು, ಎಂಜಿನ್ ಆಯಿಲಿನ ಅಂಶ ಎಷ್ಟಿದೆ ಅಂತ ಅಳೆಯುವುದು. ಬಾಟಲಿಯ ನೀರಿಗೆ ದ್ರಾವಕ ಹಾಕಿ ಕುಲುಕಿದರೆ ಎಣ್ಣೆಯಂಶವೆಲ್ಲ ದ್ರಾವಕಕ್ಕೆ ಬಂದು ಸೇರುತ್ತದೆ. ಅದನ್ನು ಬೇರೆ ಮಾಡಿ, ಇಂಗಿಸಿ, ಕಿರುಬೆರಳಿನಷ್ಟು ಶೀಶೆಗೆ ತುಂಬಿ ಯಂತ್ರಕ್ಕೆ ಕೊಡಬೇಕು. ಜಿ.ಸಿ.ಎಂ.ಎಸ್. ಅಂತ ಅದರ ಹೆಸರು. ಒಳಗೆ ಕೂದಲೆಳೆಯಷ್ಟು ಸಣ್ಣ ಕೊಳವೆಯನ್ನು ಸುರುಳಿ ಸುತ್ತಿಟ್ಟಿರುತ್ತಾರೆ. ಬಿಸಿ ಏರಿದಂತೆ ಹಗುರಾದದ್ದು ಮೊದಲು ಆಚೆ ಬರುತ್ತದೆ, ಭಾರವಾದದ್ದು ಹಿಂದೆ ಉಳಿಯುತ್ತದೆ. ಮದುವೆ ಮನೆಗೆ ಕೈ ಬೀಸಿಕೊಂಡು ಬಂದವರು ಮೊದಲು ಹೊರಡುತ್ತಾರೆ, ಗಂಟುಮೂಟೆಯವರು ಕೊನೆಗೆ ಹೊರಡುತ್ತಾರೆ, ಹಾಗೆ. ಆಚೆ ಬಂದದ್ದನ್ನು ಜೊತೆಯ ಇನ್ನೊಂದು ಯಂತ್ರ ಒಡೆದು, ಚೂರುಗಳ ತೂಕ ನೋಡಿ, ಇದು ಇಂಥದ್ದೇ ಅಂತ ಗುರುತು ಹಿಡಿಯುತ್ತದೆ. ಪರದೆಯ ಮೇಲೆ ಒಂದು ಗೆರೆ ಮೂಡುತ್ತ ಹೋಗುತ್ತದೆ. ಪೆಟ್ರೋಲಿದ್ದರೆ ಶುರುವಿನಲ್ಲೇ ಮೊನೆಗಳು ಏಳುತ್ತವೆ. ಡೀಸೆಲಿದ್ದರೆ ನಡುವೆ ಬಾಚಣಿಗೆಯ ಹಲ್ಲಿನಂತೆ ಒಂದು ಸಾಲು. ಎಂಜಿನ್ ಆಯಿಲಿದ್ದರೆ ಕೊನೆಯಲ್ಲಿ ಒಂದು ಅಗಲವಾದ ಉಬ್ಬು.

ಗಂಡ ಹೋದ ಮೇಲೆ ಆಕೆಗೆ ಈ ಕೆಲಸ ಇನ್ನೂ ಚೆನ್ನಾಗಿ ಬರುತ್ತಿತ್ತು ಅಂದರೆ ನಂಬಬೇಕು. ಬೇಜಾರಿಲ್ಲ, ಅವಸರವಿಲ್ಲ, ಬೇರೆ ಯೋಚನೆಯಿಲ್ಲ. ಪ್ರಯೋಗಾಲಯದ ಮುಖ್ಯಸ್ಥ ಗುರುಬಸವರಾಜ್ ಒಳ್ಳೆಯ ಮನುಷ್ಯ. "ರಜೆ ಬೇಕಾದ್ರೆ ತಗಳಮ್ಮ" ಅಂತ ಎಷ್ಟೋ ಸಲ ಹೇಳಿದ್ದರು. "ರಜೆಯಲ್ಲಿ ಏನು ಮಾಡ್ಲಿ ಸರ್?" ಅಂದಿದ್ದಳು. ಅದು ದುಃಖದ ಮಾತಾಗಿರಲಿಲ್ಲ, ನಿಜವಾಗಿಯೂ ಆಕೆಗೆ ಗೊತ್ತಿರಲಿಲ್ಲ.

ಹೀಗಿರುವಾಗ ಆ ಬೇಸಿಗೆಯಲ್ಲಿ ನ್ಯಾಮತಿಯಲ್ಲಿ ಗಲಾಟೆ ಎದ್ದಿತು. ಅಲ್ಲಿ ನಿರ್ಮಲಮ್ಮ ಅನ್ನುವವರದು ಒಂದು ಖಾನಾವಳಿ ಇದೆ. ಬಸ್ಸಿನ ಡ್ರೈವರು ಕಂಡಕ್ಟರುಗಳು, ಅಡಿಕೆ ವ್ಯಾಪಾರಕ್ಕೆ ಬಂದವರು, ಮೇಷ್ಟರುಗಳು, ಎಲ್ಲರದೂ ಅಲ್ಲೇ ಊಟ. ಒಂದು ದಿನ ತಿಳಿಸಾರಿಗೆ ಡೀಸೆಲ್ ವಾಸನೆ ಬಂತು. ನಿರ್ಮಲಮ್ಮ ಮೊದಲು ಪಾತ್ರೆ ತೊಳೆಯುವವಳಿಗೆ ಬೈದರು, ಆಮೇಲೆ ಗ್ಯಾಸಿನವನಿಗೆ ಬೈದರು, ಆಮೇಲೆ ನಲ್ಲಿ ತಿರುಗಿಸಿ ಮೂಗಿಟ್ಟು ನೋಡಿದರು. ಬೋರಿನ ನೀರೇ ನಾರುತ್ತಿತ್ತು. ಪಕ್ಕದಲ್ಲೇ ಮಹೇಶ್ವರಪ್ಪನವರ ಪೆಟ್ರೋಲ್ ಬಂಕ್. ಇನ್ನೇನು ಬೇಕು? "ಬಂಕಿನ ಟ್ಯಾಂಕು ಸೋರಿ ನಮ್ಮ ಬೋರಿಗೆ ಇಳಿದೈತೆ" ಅಂತ ಊರಿಗೆ ಊರೇ ಬಂಕಿನ ಮುಂದೆ ಬಂದು ಕೂತಿತು. ಪರೀಕ್ಷೆಯ ವರದಿ ಬರುವ ತನಕ ಬಂಕಿಗೆ ಬೀಗ ಬಿತ್ತು. ಖಾನಾವಳಿಗೂ ಗಿರಾಕಿ ಕಮ್ಮಿಯಾದರು. ನಿರ್ಮಲಮ್ಮನ ಬೋರಿನ ನೀರು, ಜೊತೆಗೆ ಬಂಕಿನ ಟ್ಯಾಂಕಿನ ಪೆಟ್ರೋಲು, ಡೀಸೆಲು, ಎಲ್ಲ ನೇತ್ರಾವತಿಯ ಟೇಬಲ್ಲಿಗೆ ಬಂದವು. ಎಷ್ಟಿದೆ ಅನ್ನುವುದರ ಜೊತೆಗೆ ಎಲ್ಲಿಂದ ಬಂತು ಅಂತಲೂ ಹೇಳಬೇಕು ಅಂತ ಕೇಳಿದ್ದರು.

ಆಕೆ ಎಂದಿನಂತೆ ಶೀಶೆ ಇಟ್ಟು ಕೂತಳು. ಶುರುವಿನಲ್ಲಿ ಗೆರೆ ಅಲುಗಲಿಲ್ಲ. ಅಂದರೆ ಪೆಟ್ರೋಲಿಲ್ಲ. ನಡುವೆ ಡೀಸೆಲಿನ ಹಲ್ಲುಗಳು ಎದ್ದವು, ಹಳೆಯ ಡೀಸೆಲು, ಹಲ್ಲು ಸವೆದ ಬಾಚಣಿಗೆ. ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಕೊನೆಯಲ್ಲಿ ಗೆರೆ ಮೆಲ್ಲಗೆ ಮೇಲೆದ್ದು, ಅಗಲವಾಗಿ ಉಬ್ಬಿ, ಮೆಲ್ಲಗೆ ಇಳಿಯಿತು. ಸುಟ್ಟ ಎಂಜಿನ್ ಆಯಿಲು. ಬಂಕಿನ ಟ್ಯಾಂಕಿನಲ್ಲಿ ಸುಟ್ಟ ಆಯಿಲನ್ನು ಯಾರೂ ಇಡುವುದಿಲ್ಲ. ಡೀಸೆಲಿಗೆ ಸುಟ್ಟ ಆಯಿಲು ಬೆರೆಸುವ ಮನುಷ್ಯ ಈ ಸೀಮೆಯಲ್ಲಿ ಒಬ್ಬನೇ ಇದ್ದದ್ದು. ಅವನ ಅಂಗಿಗಳನ್ನು ಆಕೆ ವರ್ಷಗಟ್ಟಲೆ ಒಗೆದಿದ್ದಳು.

ಮಾಲತೇಶನ ಕೈಗುಣ ಅಂತ ಜನ ಹೇಳುತ್ತಿದ್ದರಲ್ಲ, ಅದರ ಗುಟ್ಟು ಇದೇ. ಬೋರಿನೊಳಗೆ ಕಬ್ಬಿಣದ ಪೈಪು ತುಕ್ಕು ಹಿಡಿದು ಮೋಟರು ಸಿಕ್ಕಿಕೊಂಡರೆ ಕೆಲವರು ಬರೀ ಡೀಸೆಲ್ ಸುರಿಯುತ್ತಾರೆ, ಅದು ಜಾರಿ ಹೋಗುತ್ತದೆ. ಇವನು ಗ್ಯಾರೇಜಿನಿಂದ ಸುಟ್ಟ ಆಯಿಲು ತಂದು ಡೀಸೆಲಿಗೆ ಬೆರೆಸಿ ಸುರಿಯುತ್ತಿದ್ದ. "ಡೀಸೆಲ್ ತುಕ್ಕು ತಿಂತೈತೆ, ಆಯಿಲ್ ಅದನ್ನ ಹಿಡ್ಕಂಡು ಕೂರ್ತೈತೆ" ಅಂತ ಊಟ ಮಾಡುತ್ತ ಹೆಂಡತಿಗೆ ಪಾಠ ಹೇಳಿದ್ದ. "ಅದು ಕುಡಿಯೋ ನೀರಲ್ವೇನ್ರೀ?" ಅಂತ ಆಕೆ ಕೇಳಿದ್ದಳು. "ಅಯ್ಯೋ ಮಾರಾಯ್ತಿ, ಎಣ್ಣೆ ಮೇಲೆ ತೇಲ್ತೈತೆ, ಮೋಟರ್ ಇರೋದು ಕೆಳಗೆ. ನೀನು ನಿನ್ನ ಬಾಟ್ಲಿ ನೋಡ್ಕ" ಅಂದಿದ್ದ. ಇಬ್ಬರೂ ನಕ್ಕಿದ್ದರು. ಈಗ ಬೇಸಿಗೆ. ಬೋರಿನಲ್ಲಿ ನೀರು ಕೆಳಗಿಳಿದಿದೆ, ಮೇಲೆ ತೇಲುವ ಎಣ್ಣೆಯೂ ಅದರ ಜೊತೆ ಇಳಿದು ಮೋಟರಿನ ಬಾಯಿಗೆ ಬಂದಿದೆ. ಆಕೆಗೆ ಎಲ್ಲವೂ ಅರ್ಥವಾಯಿತು. ಅರ್ಥವಾದರೂ ಮೈಯಲ್ಲಿ ಏನೂ ಆಗಲಿಲ್ಲ. ಗೆರೆಯನ್ನು ಅಚ್ಚು ಹಾಕಿ ತೆಗೆದು, ಮಧ್ಯಾಹ್ನದ ಡಬ್ಬಿ ಬಿಚ್ಚಿ, ತಣ್ಣಗಾದ ಚಿತ್ರಾನ್ನ ತಿಂದಳು.

ಆದರೂ ಒಂದು ಸಲ ಕೇಳಿಬಿಡೋಣ ಅಂತ ಭಾನುವಾರ ಚನ್ನಗಿರಿಗೆ ಹೋದಳು. ಉಬ್ರಾಣಿ ಕಡೆಯ ಉಚ್ಚಂಗೆಪ್ಪ ಮೊದಲು ಮಾಲತೇಶನ ಜೊತೆ ಮೋಟರು ಎತ್ತುತ್ತಿದ್ದವನು, ಈಗ ಅಲ್ಲಿ ಇನ್ನೊಬ್ಬರ ಹತ್ತಿರ ಅದೇ ಕೆಲಸ ಮಾಡುತ್ತಿದ್ದ. ಆಕೆಯನ್ನು ಕಂಡವನೇ ಕೈಯಲ್ಲಿದ್ದ ಪೈಪ್ ರೆಂಚು ಕೆಳಗಿಟ್ಟು ಎದ್ದು ನಿಂತ.

"ನ್ಯಾಮತಿ ಖಾನಾವಳಿ ಮೋಟರು ನೀವು ಎತ್ತಿದ್ರಾ?"

"ಹೌದಕ್ಕಾ. ಅಣ್ಣ ಎತ್ತಿದ ಕೊನೇ ಮೋಟರು ಅದೇ. ಭಾಳ ಕಷ್ಟ ಕೊಡ್ತು."

"ಎಣ್ಣೆ ಹಾಕಿದ್ರಾ?"

"ಹಾಕ್ದೆ ಹೆಂಗೆ? ಹಿಂದಿನ ದಿನಾನೇ ಕ್ಯಾನಿಗೆ ಕ್ಯಾನೇ ಬಗ್ಗಿಸಿದ್ರು."

"ಆಮೇಲೆ ಆ ಎಣ್ಣೆ ಏನಾಗ್ತಿತ್ತು?"

"ಅದು ನಂಗೆ ಗೊತ್ತಿಲ್ಲಕ್ಕಾ. ಎತ್ತಿ ಇಳಿಸೋದು ಮಾತ್ರ ನಮ್ದು. ಮುಗಿದ ಕೂಡ್ಲೇ ನಾವು ಮೋಟರ್ ಎತ್ತೋ ಸ್ಟ್ಯಾಂಡು ಬಿಚ್ಕಂಡು ಮುಂದಿನ ಊರಿಗೆ ಹೊಂಟುಬಿಡ್ತಿದ್ವಿ. ಅಣ್ಣ ಹಿಂದಿಂದ ಬೈಕಲ್ಲಿ ಬರ್ತಿದ್ರು." ಅವನಿಗೆ ಆಗ ಹೊಳೆಯಿತು. ಸುತ್ತ ನೋಡಿ ದನಿ ತಗ್ಗಿಸಿದ. "ಆ ಬಂಕಿನ ಗಲಾಟೆ ವಿಷಯನಾ? ಅಕ್ಕಾ, ಯಾರಿಗೂ ಹೇಳಾಕೆ ಹೋಗಬ್ಯಾಡ್ರಿ. ಸತ್ತೋರ ಮೇಲೆ ಯಾಕೆ ಹಾಕ್ತೀರಿ? ಮಾಲತೇಶಣ್ಣನ ಜೊತೆ ಇದ್ದೋನು ಅಂತಾನೇ ನಂಗೆ ಇಲ್ಲಿ ಕೆಲಸ ಕೊಟ್ಟಿರೋದು."

ನೇತ್ರಾವತಿ ತಲೆಯಾಡಿಸಿದಳು. ಹೂಂ ಅಂತಲೋ ಊಹೂಂ ಅಂತಲೋ ಅವನಿಗೆ ತಿಳಿಯಲಿಲ್ಲ. ಪಾಪ, ಬಸ್ಸಿನ ತನಕ ಜೊತೆಗೆ ಬಂದು, ಕಿಟಕಿಯ ಹತ್ತಿರ ನಿಂತು ಇನ್ನೊಂದು ಸಲ ಕೈ ಮುಗಿದ.

ಸೋಮವಾರ ಗುರುಬಸವರಾಜರ ಮುಂದೆ ಗೆರೆಯನ್ನಿಟ್ಟು, ಇದು ನಮ್ಮ ಯಜಮಾನರು ಹಾಕಿದ ಎಣ್ಣೆ ಸರ್, ಅಂದಳು. ಅವರು ಕನ್ನಡಕ ತೆಗೆದು ತುಂಬ ಹೊತ್ತು ಒರೆಸಿದರು.

"ನೋಡಮ್ಮಾ, ಡೀಸೆಲ್ ಐತೆ ತಾನೆ? ಇಷ್ಟು ಡೀಸೆಲ್ ಐತೆ ಅಂತ ಬರಿ. ಸುಳ್ಳೇನಲ್ಲ. ಎಲ್ಲಿಂದ ಅಂತ ಖಚಿತವಾಗಿ ಹೇಳಾಕೆ ಬರಲ್ಲ ಅಂತ ಒಂದು ಸಾಲು ಸೇರಿಸು. ಎಷ್ಟೋ ಸಲ ಹಂಗೇ ಬರೀತೀವಿ."

"ಆಗ ಬಂಕಿನೋರ ತಲೆಗೆ ಬರ್ತದಲ್ಲ ಸರ್."

"ಬರ್ಲಿ ಬಿಡು, ಅವರು ಇನ್ನೊಂದು ಕಡೆ ಪರೀಕ್ಷೆ ಮಾಡಿಸ್ಕಂತಾರೆ. ನೀನು ಮನೆ ಕಡೆ ನೋಡ್ಕ."

ಮನುಷ್ಯ ಕೆಟ್ಟದ್ದಕ್ಕೆ ಹೇಳಲಿಲ್ಲ, ಕರುಣೆಗೆ ಹೇಳಿದರು. ಮುಂದೆ ನೇತ್ರಾವತಿ ಮಾಡಿದ್ದನ್ನು ಸತ್ಯಸಂಧತೆ ಗಿತ್ಯಸಂಧತೆ ಅಂತ ದೊಡ್ಡದು ಮಾಡುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಸುಳ್ಳು ಹೇಳುವುದಕ್ಕೂ ಒಂದು ಹುರುಪು ಬೇಕು. ಹೇಳಬೇಕು, ನೆನಪಿಟ್ಟುಕೊಳ್ಳಬೇಕು, ಕೇಳಿದವರ ಮುಖ ನೋಡಬೇಕು. ಆಕೆಯಲ್ಲಿ ಅಷ್ಟು ಶಕ್ತಿ ಉಳಿದಿರಲಿಲ್ಲ. ಪರದೆಯ ಮೇಲೆ ಏನಿತ್ತೋ ಅದನ್ನು ಬರೆದಳು. ಬೋರಿನೊಳಗೇ ಸುರಿದ ಡೀಸೆಲು ಮತ್ತು ಸುಟ್ಟ ಎಂಜಿನ್ ಆಯಿಲಿನ ಮಿಶ್ರಣ, ಬಂಕಿನ ಟ್ಯಾಂಕಿಗೂ ಇದಕ್ಕೂ ತಾಳೆಯಾಗುವುದಿಲ್ಲ. ಗುರುಬಸವರಾಜ್ ನಿಟ್ಟುಸಿರು ಬಿಟ್ಟು ಸಹಿ ಹಾಕಿದರು.

ಬೋರಿನೊಳಗೆ ಸುರಿದದ್ದು ಅಂದ ಮೇಲೆ ಸುರಿದವರು ಯಾರು ಅಂತ ನ್ಯಾಮತಿಯವರು ಕೇಳಿಯೇ ಕೇಳುತ್ತಾರೆ. ಬೇರೆಯವರ ಬಾಯಿಂದ ಆ ಹೆಸರು ಬರುವುದಕ್ಕಿಂತ ತನ್ನ ಬಾಯಿಂದಲೇ ಬರಲಿ ಅಂತ ಆಕೆ ತೀರ್ಮಾನ ಮಾಡಿದಳು. ಹೊರಡುವ ಮುಂಚೆ ಅತ್ತೆಗೂ ಹೇಳಿದಳು. ಭೀಮಕ್ಕ ಹುಣಸೆಹಣ್ಣು ಬಿಡಿಸುತ್ತಿದ್ದವಳು ಮೊರ ಪಕ್ಕಕ್ಕೆ ತಳ್ಳಿದಳು.

"ನನ್ನ ಮಗ ಯಾರ ಮನೆ ನೀರಿಗೂ ಕೇಡು ಮಾಡೋನಲ್ಲ."

"ಬೇಕಂತ ಮಾಡಿಲ್ಲ ಅತ್ತೆ. ಆದ್ರೆ ಆ ಎಣ್ಣೆ ಅವರು ಹಾಕಿದ್ದೇ."

"ನಂಗೆ ಉಳಿದಿರೋದು ಅವನ ಹೆಸರೊಂದೇ ಕಣೇ. ಅದನ್ನೂ ತಗಂಡೋಗಿ ನ್ಯಾಮತಿ ಬೀದೀಲಿ ಸುರಿದು ಬರ್ತೀಯಾ?"

"ಹೂಂ ಅತ್ತೆ," ಅಂದಳು ನೇತ್ರಾವತಿ. ಮುದುಕಿ ಸೆರಗು ಬಾಯಿಗೆ ತುರುಕಿಕೊಂಡು ಒಳಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗಿದಳು. ನೇತ್ರಾವತಿ ಉಳಿದ ಹುಣಸೆಹಣ್ಣು ಬಿಡಿಸಿಟ್ಟು ಬಸ್ಸಿಗೆ ಹೋದಳು.

ಖಾನಾವಳಿಯಲ್ಲಿ ಊಟದ ಹೊತ್ತು ಮುಗಿದಿತ್ತು. ಬಾಗಿಲಲ್ಲಿ ಟ್ಯಾಂಕರ್ ನೀರು ತುಂಬಿದ ನೀಲಿ ಡ್ರಮ್ಮುಗಳ ಸಾಲು. ನಿರ್ಮಲಮ್ಮ ದಪ್ಪನೆಯ ಹೆಂಗಸು, ದೊಡ್ಡ ದನಿ. ದಾವಣಗೆರೆ ಲ್ಯಾಬಿಂದ ಬಂದೆ ಅಂತ ನೇತ್ರಾವತಿ ಹೇಳಿಕೊಂಡಳು.

"ಲ್ಯಾಬಿನೋಳಾ? ಬಾರವ್ವಾ, ಮೊದ್ಲು ಕೈ ತೊಳ್ಕ, ಊಟ ಮಾಡು. ಹೆದರಬ್ಯಾಡ, ಟ್ಯಾಂಕರ್ ನೀರಲ್ಲಿ ಮಾಡಿದ್ದು," ಅಂತ ಕೇಳದೆ ಎಲೆ ಹಾಕಿದರು. "ಏನ್ ಬಂತು? ಬಂಕಿಂದೇ ಅಲ್ವಾ?"

"ಬಂಕಿಂದಲ್ಲ ಅಮ್ಮಾ. ನಿಮ್ಮ ಮೋಟರ್ ಸಿಕ್ಕಂಡಾಗ ತುಕ್ಕು ಬಿಡಿಸಾಕೆ ಬೋರಿಗೆ ಎಣ್ಣೆ ಹಾಕಿದ್ರಲ್ಲ, ಅದು. ನೀರು ಇಳಿದಂಗೆ ಅದೂ ಇಳಿದೈತೆ. ಹಾಕಿದೋರು ನಮ್ಮ ಯಜಮಾನ್ರು."

ನಿರ್ಮಲಮ್ಮನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಇನ್ನು ಬೈಗುಳ ಶುರುವಾಗುತ್ತದೆ ಅಂತ ನೇತ್ರಾವತಿ ತಲೆ ತಗ್ಗಿಸಿ ಕೂತಳು. ಬೈದರೆ ಬೈಯಲಿ ಅನ್ನುವಂತೆ ಕೂತಳು.

"ನೀನು ಆ ಹೊನ್ನಾಳಿ ಮೆಕ್ಯಾನಿಕ್ಕಿನ ಹೆಂಡ್ತಿಯಾ?" ದನಿ ಏರಿತು. "ಎಲ್ಲದಾನವ್ವಾ ಅವನು? ಮೋಟರ್ ಇಳಿಸಿ, ಇಲ್ಲೇ ಕೂತು ಊಟ ಮಾಡಿ, ಏನಂದ ಗೊತ್ತೇನು? 'ಅಮ್ಮಾ, ಈಗ ಎಣ್ಣೆ ನೀರಲ್ಲಿ ಕದಡೈತೆ. ಒಂದು ರಾತ್ರಿ ಮೋಟರ್ ಹಾಕಬ್ಯಾಡ್ರಿ, ಎಲ್ಲಾ ಮೇಲಕ್ಕೆ ಬಂದು ಕೂಡ್ಲಿ. ನಾಳೆ ನಾನೇ ಬಂದು ಪೈಪು ಬಿಟ್ಟು ಎಣ್ಣೆ ಎತ್ತಿ ತೆಗೀತೀನಿ. ಎಲ್ಲಾ ಕಡೆ ಮಾರನೇ ದಿನ ಹೋಗಿ ತೆಗೆದೇ ಬರೋದು ನಾನು' ಅಂದ. ಬೆಳಿಗ್ಗೆ ಕಾದೆ, ಮಧ್ಯಾಹ್ನ ಕಾದೆ, ಬರಲೇ ಇಲ್ಲ. ಕೆಲಸ ಮುಗೀತಲ್ಲ, ಇನ್ಯಾಕೆ ಬರ್ತಾನೆ ಅಂತ ಬಾಯಿಗೆ ಬಂದಂಗೆ ಬೈದೆ. ಸಂಜೆ ಮೋಟರ್ ಹಾಕ್ದೆ, ವಾಸನೆ ಇರಲಿಲ್ಲ, ಸುಮ್ಮನಾದೆ. ಬರ್ತೀನಿ ಅಂದೋನು ಯಾಕೆ ಬರಲಿಲ್ಲ ಕೇಳು ಅವನನ್ನ."

ನೇತ್ರಾವತಿ ಎಲೆಯನ್ನೇ ನೋಡುತ್ತ ಹೇಳಿದಳು. "ಅವತ್ತು ಸಂಜೆ ಇಲ್ಲಿಂದ ಮನೆಗೆ ಬರ್ತಾ ಲಾರಿ ಗುದ್ದಿತು ಅಮ್ಮಾ."

ನಿರ್ಮಲಮ್ಮ ಸೌಟು ಕೆಳಗಿಟ್ಟರು. ಎದುರಿನ ಬೆಂಚಿನ ಮೇಲೆ ಕೂತರು. ಹೊನ್ನಾಳಿ ದಾರಿಯಲ್ಲಿ ಯಾರೋ ಬೈಕಿನವನು ಹೋದ ಅಂತ ಅವರೂ ಆಗ ಕೇಳಿದ್ದರಂತೆ. ಅವನೇ ಅಂತ ಗೊತ್ತಿರಲಿಲ್ಲ. "ಸತ್ತೋನಿಗೆ ಬೈದೆನಲ್ಲವ್ವಾ," ಅಂತ ಅಷ್ಟು ದೊಡ್ಡ ದನಿಯ ಹೆಂಗಸು ಪಿಸುಗುಟ್ಟಿದರು. ನೇತ್ರಾವತಿಗೆ ಆ ಮಾತು ಸರಿಯಾಗಿ ಕೇಳಿಸಲಿಲ್ಲ. ಮಾರನೇ ದಿನ ಹೋಗಿ ತೆಗೆದೇ ಬರೋದು ಅನ್ನುವಲ್ಲೇ ಆಕೆ ನಿಂತುಬಿಟ್ಟಿದ್ದಳು. ಬೆಳಿಗ್ಗೆ ಈಕೆ ಬಸ್ಸು ಹತ್ತಿದ ಮೇಲೆ ಅವನು ಹಿಂದಿನ ದಿನದ ಊರಿಗೆ ಒಬ್ಬನೇ ಹೋಗಿ, ಯಾರಿಗೂ ಹೇಳದೆ, ಎಣ್ಣೆ ಎತ್ತಿ ಬರುತ್ತಿದ್ದ. ಆಮೇಲೆ ಉಚ್ಚಂಗೆಪ್ಪನ ತಂಡವನ್ನು ಸೇರಿಕೊಳ್ಳುತ್ತಿದ್ದ. "ಕುಡಿಯೋ ನೀರಲ್ವೇನ್ರೀ" ಅಂದ ಹೆಂಡತಿಯ ಮಾತನ್ನು ನಕ್ಕು ತಳ್ಳಿಹಾಕಿದವನು ಮನಸ್ಸಿನಿಂದ ತಳ್ಳಿಹಾಕಿರಲಿಲ್ಲ. ಎಲೆಯ ಮೇಲಿನ ಅನ್ನ ಮಂಜು ಮಂಜಾಗಿ ಕಂಡಿತು. ಒಂದು ತುತ್ತು ಬಾಯಿಗಿಟ್ಟಳು, ಸಾರು ಖಾರವಾಗಿತ್ತು.

ಮನೆಗೆ ಬಂದು ಭೀಮಕ್ಕನಿಗೆ ಹೇಳಿದಳು. ಮುದುಕಿ ಗೋಡೆ ಕಡೆ ಮಲಗಿಯೇ ಕೇಳಿಸಿಕೊಂಡು, ಎದ್ದು ಹಿತ್ತಲಿಗೆ ಹೋದಳು. ಅಲ್ಲಿ ತಳಕ್ಕೆ ರಬ್ಬರಿನ ಮುಚ್ಚಳ ಕೂರಿಸಿದ ಒಂದು ಉದ್ದನೆಯ ಪ್ಲಾಸ್ಟಿಕ್ ಪೈಪು ಇತ್ತು. ನೀರಿಗೆ ಇಳಿಸಿದರೆ ಮುಚ್ಚಳ ತೆರೆಯುತ್ತದೆ, ಎತ್ತಿದರೆ ಮುಚ್ಚಿಕೊಳ್ಳುತ್ತದೆ. ಅದು ಯಾತಕ್ಕೆ ಅಂತ ತಿಳಿಯದೆ ಅತ್ತೆ ಸೊಸೆ ಇಬ್ಬರೂ ಅದರಿಂದ ನುಗ್ಗೆಕಾಯಿ ಉದುರಿಸುತ್ತಿದ್ದರು. ಭೀಮಕ್ಕ ಅದನ್ನು ಸೆರಗಿನಿಂದ ಒರೆಸಿ ತಂದು ಕೊಟ್ಟಳು.

"ತಗಂಡೋಗು. ಬರ್ತೀನಿ ಅಂದಿದ್ದನಂತಲ್ಲ."

ಮುಂದಿನ ಭಾನುವಾರ ನೇತ್ರಾವತಿ ಆ ಪೈಪು ಹಿಡಿದು ನ್ಯಾಮತಿಗೆ ಹೋದಳು, ಉಚ್ಚಂಗೆಪ್ಪನೂ ಚನ್ನಗಿರಿಯಿಂದ ಬಂದ. ಪೈಪಿನ ತಲೆಗೆ ಹಗ್ಗ ಕಟ್ಟಿ ಬೋರಿಗೆ ಇಳಿಬಿಟ್ಟರು. ಮೊದಲ ಸಲ ಎತ್ತಿದಾಗಲೇ ಕಪ್ಪಗೆ, ಮಂದವಾಗಿ ಎಣ್ಣೆ ಬಂತು. ಕ್ಯಾನಿಗೆ ಸುರಿದು ಮತ್ತೆ ಇಳಿಬಿಟ್ಟರು. ಬೀಗ ತೆಗೆದ ಬಂಕಿನಿಂದ ಮಹೇಶ್ವರಪ್ಪನವರು ಬಂದು ಕೈ ಕಟ್ಟಿಕೊಂಡು ನಿಂತರು. ಜನ ತಮ್ಮ ಮೇಲೆ ಕೂಗಾಡಿದ ಸಿಟ್ಟು ಮುಖದಲ್ಲಿ ಇನ್ನೂ ಇತ್ತು. ಸ್ವಲ್ಪ ಹೊತ್ತು ನೋಡಿ, ಒಳಗೆ ಹೋಗಿ ಒಂದು ಖಾಲಿ ಕ್ಯಾನು ತಂದು ಇಟ್ಟು ಹೋದರು. ಮಧ್ಯಾಹ್ನದ ಹೊತ್ತಿಗೆ ಪೈಪಿನಲ್ಲಿ ಬರೀ ನೀರು ಬರತೊಡಗಿತು. ನೇತ್ರಾವತಿಯ ಅಂಗೈ, ಸೀರೆ, ಮುಂಗೈಯ ಬಳೆ, ಎಲ್ಲ ಎಣ್ಣೆ. ನಿರ್ಮಲಮ್ಮ ಸೋಪು ಕೊಟ್ಟರೆ, "ಇರ್ಲಿ ಅಮ್ಮಾ, ಮನೇಲಿ ತೊಳ್ಕಂತೀನಿ" ಅಂದಳು. ಬಸ್ಸಿನಲ್ಲಿ ಪಕ್ಕ ಕೂತವರು ಮೂಗು ಮುಚ್ಚಿಕೊಂಡು ಬೇರೆ ಸೀಟಿಗೆ ಹೋದರು. ಆಕೆ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಹೊನ್ನಾಳಿ ತನಕ ಕೂತಿದ್ದಳು.

ಕೆಲವು ದಿನ ನೀರು ಹೊರಗೆ ಬಿಟ್ಟು, ಮತ್ತೆ ಬಾಟಲಿ ತುಂಬಿಸಿ ತರಿಸಿದಳು. ಅದೇ ದ್ರಾವಕ, ಅದೇ ಕುಲುಕಾಟ, ಅದೇ ಶೀಶೆ. ಯಂತ್ರದ ಮುಂದೆ ಕೂತಳು. ಶುರುವಿನಲ್ಲಿ ಏನೂ ಇಲ್ಲ. ನಡುವೆ ಹಲ್ಲುಗಳಿಲ್ಲ. ಕೊನೆಯ ಉಬ್ಬು ಬರುವ ಜಾಗಕ್ಕೆ ಕಣ್ಣು ನೆಟ್ಟು ಕಾದಳು. ಗೆರೆ ಮಲಗಿದ ಹಾಗೇ ಸಾಗಿ ಮುಗಿಯಿತು.

"ಚೊಕ್ಕಟ ಆಗೈತಲ್ಲಮ್ಮ," ಅಂದರು ಹಿಂದೆ ನಿಂತಿದ್ದ ಗುರುಬಸವರಾಜ್. "ಫೋನ್ ಮಾಡಿ ಹೇಳ್ಬಿಡು, ಪಾಪ, ಕಾಯ್ತಿರ್ತಾರೆ."

ಆಕೆ ಅದೇ ಶೀಶೆಯನ್ನು ಮತ್ತೆ ಯಂತ್ರಕ್ಕಿಟ್ಟಳು.

"ಯಾಕೆ, ಏನಾದ್ರೂ ಅನುಮಾನನಾ?"

"ಇಲ್ಲ ಸರ್."

ಎರಡನೇ ಸಲವೂ ಏನೂ ಇರಲಿಲ್ಲ. ಬಾಟಲಿಯಲ್ಲಿ ಉಳಿದಿದ್ದ ನೀರನ್ನು ತೆಗೆದು ಮೊದಲಿನಿಂದ ಶುರು ಮಾಡಿದಳು. ಗುರುಬಸವರಾಜರಿಗೆ ಏನೋ ತಿಳಿದಿರಬೇಕು, ತಮ್ಮ ಕೋಣೆಗೆ ಹೋದರು. ಒಂದು ಸಣ್ಣ ಮೊನೆ ಎದ್ದಿದ್ದರೂ ಸಾಕಿತ್ತು ಆಕೆಗೆ. ಬೇರೆಯವರ ನೀರು ಶುದ್ಧವಾಗಲಿ ಅಂತ ತಾನೇ ಅಷ್ಟೆಲ್ಲ ಮಾಡಿ, ಈಗ ಆ ನೀರಿನಲ್ಲಿ ಅವನು ಇರಲಿ ಅಂತ ಬೇಡುತ್ತ ಕೂತಿದ್ದಳು. ಮನೆಯಲ್ಲಿ ಅವನ ಅಂಗಿಗಳನ್ನು ಯಾರಿಗೋ ಕೊಟ್ಟಾಗಿತ್ತು, ಬೈಕು ಗುಜರಿಗೆ ಹೋಗಿತ್ತು, ಆಗೆಲ್ಲ ಆಕೆಗೆ ಏನೂ ಅನ್ನಿಸಿರಲಿಲ್ಲ. ಮೂರನೇ ಗೆರೆಯೂ ನೆಲ ಬಿಟ್ಟು ಏಳಲಿಲ್ಲ. ಅವನು ಇನ್ನು ಎಲ್ಲೂ ಇಲ್ಲ ಅಂತ ನೇತ್ರಾವತಿಗೆ ಗೊತ್ತಾಯಿತು. ಅವನು ಬೇಕು ಅನ್ನಿಸಿತು, ಈಗಲೇ, ಈ ಕುರ್ಚಿಯ ಪಕ್ಕ, ಎಣ್ಣೆ ಕೈಯಲ್ಲೇ.

ನಿರ್ಮಲಮ್ಮನಿಗೆ ಫೋನು ಮಾಡಿದಳು.

"ಅಮ್ಮಾ, ನೀರು ಕುಡೀಬಹುದು. ಏನೂ ಇಲ್ಲ ಅದರಲ್ಲಿ," ಅಂದಳು. "ಏನೂ ಇಲ್ಲಮ್ಮಾ."

ಫೋನು ಕಿವಿಗಿಟ್ಟುಕೊಂಡೇ ಗಟ್ಟಿಯಾಗಿ ಅತ್ತಳು. ಆ ಕಡೆ ಖಾನಾವಳಿಯಲ್ಲಿ ತಟ್ಟೆ ಲೋಟಗಳ ಸದ್ದು, ಯಾರೋ ಸಾರು ಕೇಳುವ ಸದ್ದು. ನಿರ್ಮಲಮ್ಮ ಫೋನು ಇಡಲಿಲ್ಲ.